ಬೆಣ್ಣೆಯ ಬಣ್ಣ

ಡಾಕ್ಟರಮ್ಮ ಮಗುವಿನ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಜಗ್ಗಿ ನೋಡಿ, "ಇದು ಬಿಳುಪಲ್ಲಮ್ಮ, ಮೈಯಲ್ಲಿ ರಕ್ತ ಇಲ್ಲ" ಎಂದಾಗ ಹೆತ್ತವಳ ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಹೇಳಿದರೆ ಯಾರೂ ನಂಬುವುದಿಲ್ಲ, ಅವಳಿಗೆ ಮೊದಲು ಆದದ್ದು ಖುಷಿ. ಹಾಲು ಕುಡಿದಷ್ಟು ಖುಷಿ ಎನ್ನುತ್ತಾರಲ್ಲ, ಅಷ್ಟು. ಭಯ ಆಮೇಲೆ ಬಂತು, ಬಸ್ಸು ತಪ್ಪಿಸಿಕೊಂಡ ನೆಂಟನ ಹಾಗೆ ತಡವಾಗಿ.

ಪಕ್ಕದ ಕುರ್ಚಿಯಲ್ಲಿ ಅತ್ತೆ ಕೂತಿದ್ದಳು. ಸೊಸೆ ಅತ್ತೆಯನ್ನು ಎದುರಿಗೆ ಬಹುವಚನದಲ್ಲೇ ಮಾತಾಡಿಸುತ್ತಿದ್ದಳು, ಮನಸ್ಸಿನೊಳಗೆ ಮಾತ್ರ ಏಕವಚನ. ಈ ಕಥೆ ಅವಳ ಮನಸ್ಸಿನ ಕಡೆಯಿಂದ ಬರುತ್ತಿರುವುದರಿಂದ ಇಲ್ಲೂ ಹಾಗೇ ಇರಲಿ. ಅತ್ತೆಯ ತೊಡೆಯ ಮೇಲೊಂದು ಬಟ್ಟೆಯ ಚೀಲ, ಚೀಲದ ಬಾಯಿಂದ ಇಣುಕುತ್ತಿದ್ದ ಹಾಲಿನ ಬಾಟಲಿ. ಬಂದದ್ದು ಕೆಮ್ಮಿಗೆ ಔಷಧ ತಗೊಂಡು ಹೋಗೋಣ ಎಂದು. ಡಾಕ್ಟರಮ್ಮ ಕೆಮ್ಮನ್ನು ಬದಿಗಿಟ್ಟು, ಮಗುವಿನ ಬೆರಳಿಗೆ ಸೂಜಿ ಚುಚ್ಚಿ ಒಂದು ತೊಟ್ಟು ರಕ್ತ ತೆಗೆಸಿ, ಹನ್ನೊಂದರ ಮೇಲಿರಬೇಕಾದ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿದೆ ಎಂದು ತೋರಿಸಿದರು.

"ದಿನಕ್ಕೆ ಎಷ್ಟು ಹಾಲು ಕುಡೀತಾಳೆ?"

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಹೆಮ್ಮೆಯಿಂದ ಹೇಳಿದಳು. "ಲೆಕ್ಕ ಯಾರಿಟ್ಟಿದಾರೆ ಡಾಕ್ಟ್ರೇ. ಬಾಟ್ಲಿ ಖಾಲಿ ಇರೋಕೆ ಬಿಟ್ಟೋಳೇ ಅಲ್ಲ ನಾನು."

"ಊಟ?"

"ಹೊಟ್ಟೆ ತುಂಬಾ ಹಾಲಿರುವಾಗ ಊಟ ಎಲ್ಲಿ ಹಿಡಿಸುತ್ತೆ?"

"ಮಣ್ಣು, ಸುಣ್ಣ, ಅಂಥದ್ದೇನಾದ್ರೂ ಬಾಯಿಗೆ ಹಾಕ್ಕೊತಾಳಾ?"

"ಗೋಡೆ ಕೆರೆದು ನೆಕ್ತಾಳೆ. ಮಹಾ ತುಂಟಿ" ಎಂದು ಅತ್ತೆ ನಕ್ಕಳು.

ಡಾಕ್ಟರಮ್ಮ ನಗಲಿಲ್ಲ, ಅದೂ ರಕ್ತ ಕಡಿಮೆ ಇರುವುದರ ಗುರುತೇ ಎಂದರು. ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆಂದೇ ಹೇಳಬಹುದು, ಅದು ಬರೀ ಹೊಟ್ಟೆ ತುಂಬಿಸಿ ಊಟ ಸೇರದಂತೆ ಮಾಡುತ್ತದೆ, ಸೇರಿದ ಊಟದ ಕಬ್ಬಿಣವೂ ಮೈಗೆ ಹತ್ತದಂತೆ ಮಾಡುತ್ತದೆ ಎಂದು ಬಿಡಿಸಿ ಹೇಳಿದರು. ಬಾಟಲಿ ಇವತ್ತೇ ಬಿಡಿಸಬೇಕು. ಹಾಲು ಊಟ ಆದಮೇಲೆ ಒಂದು ಲೋಟ, ಹೆಚ್ಚೆಂದರೆ ಎರಡು ಸಣ್ಣ ಲೋಟ. ಮೊಟ್ಟೆ, ಮಾಂಸ, ಬೇಳೆ, ಸೊಪ್ಪು ತಿನ್ನಿಸಬೇಕು. ಕಬ್ಬಿಣದ ಸಿರಪ್ಪನ್ನು ಖಾಲಿ ಹೊಟ್ಟೆಗೆ, ಕಿತ್ತಳೆ ರಸದ ಜೊತೆ ಕೊಡಬೇಕು; ಹಾಲು ಚಹಾ ಅದರ ಹತ್ತಿರ ಸುಳಿಯಬಾರದು. ಮಲ ಕಪ್ಪಗಾದರೆ ಹೆದರಬೇಡಿ, ಹಲ್ಲಿಗೆ ಕಲೆ ಹಿಡಿಯದ ಹಾಗೆ ಕೆನ್ನೆಯ ಒಳಗೆ ಬಿಡಿ, ಸಿರಪ್ಪಿನ ಬಾಟಲಿ ಮಗುವಿನ ಕೈಗೆ ಸಿಗದ ಕಡೆ ಇಡಿ. ಒಂದು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ. "ಇನ್ನೂ ಇಳಿದ್ರೆ ಆಸ್ಪತ್ರೆಗೆ ಸೇರಿಸಿ ರಕ್ತ ಹಾಕ್ಬೇಕಾಗುತ್ತೆ. ಅಲ್ಲಿಗೆ ಹೋಗೋದು ಬೇಡ" ಎಂದರು.

ಅತ್ತೆ ಚೀಲದ ಬಾಯಿಯನ್ನು ನಿಧಾನವಾಗಿ ಮುಚ್ಚಿದಳು. ಆ ಮುಚ್ಚುವಿಕೆಯನ್ನು ಸೊಸೆ ಕಣ್ತುಂಬಾ ನೋಡಿದಳು.

ಈ ಖುಷಿಯ ಬೇರು ಹಳೆಯದು. ಸೊಸೆ ಕಪ್ಪು. ಎಣ್ಣೆಗೆಂಪು, ಗೋಧಿ ಬಣ್ಣ ಎಂದೆಲ್ಲ ಮರ್ಯಾದೆಗೆ ಹೇಳುವ ಮಾತು ಬೇಡ, ಕಪ್ಪು ಎಂದರೆ ಕಪ್ಪೇ. ಫೋಟೋ ಸ್ಟುಡಿಯೋಗೆ ಕೆಲಸಕ್ಕೆ ಬಂದವಳು ಅದರ ಮಾಲೀಕನನ್ನೇ ಮದುವೆಯಾದಳು. ಅವನು ಮುಂದಿನ ಕೋಣೆಯಲ್ಲಿ ಫೋಟೋ ತೆಗೆಯುವುದು, ಇವಳು ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಅವನ್ನು ತಿದ್ದುವುದು. ಮೊಡವೆ ಅಳಿಸುತ್ತಿದ್ದಳು, ಕಣ್ಣಿನ ಕೆಳಗಿನ ಚೀಲ ತೆಗೆಯುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ, ಗಿರಾಕಿಗಳು ಕೌಂಟರಿನ ಮೇಲೆ ಬಾಗಿ ಪಿಸುಗುಟ್ಟುವ "ಒಂಚೂರು ಬೆಳ್ಳಗೆ ಮಾಡಿ" ಎಂಬ ಕೆಲಸ. ಆ ಬೀದಿಯ ಅರ್ಧ ಜನರನ್ನು ಬೆಳ್ಳಗೆ ಮಾಡಿದವಳು ಇವಳೇ. ಅತ್ತೆಗೆ ಅದೇ ಒಂದು ತಮಾಷೆ. ಮದುವೆಯ ದಿನ ನೆಂಟರ ನಡುವೆ ಕೂತು, "ಫ್ಲ್ಯಾಶ್ ಹಾಕಿದ್ರೂ ಸೊಸೆ ಕಾಣ್ತಿಲ್ಲ, ಹಲ್ಲಾದ್ರೂ ಬಿಡೋಕೆ ಹೇಳಿ" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಬೇರೆ ದಾರಿ ತೋಚದೆ ಸೊಸೆಯೂ ನಕ್ಕಿದ್ದಳು. ಆ ನಗುವನ್ನು ಅವಳು ಇನ್ನೂ ಮರೆತಿರಲಿಲ್ಲ.

ಹುಟ್ಟಿದ ಹೆಣ್ಣುಮಗು ತಾಯಿಯ ಬಣ್ಣವನ್ನೇ ಹೊತ್ತು ಬಂತು. ಅತ್ತೆ ಬಟ್ಟೆ ಸರಿಸಿ ನೋಡಿ, "ಇರಲಿ ಬಿಡು, ಹಾಲು ಹುಯ್ದು ಸರಿ ಮಾಡೋಣ" ಎಂದಳು. ಎದೆಹಾಲು ಬಿಡಿಸಿ ಸೊಸೆ ಮನೆಯ ಕೆಳಗಿನ ಸ್ಟುಡಿಯೋಗೆ ವಾಪಸ್ ಇಳಿದದ್ದೇ ತಡ, ಮೇಲಿನ ಮನೆಯಲ್ಲಿ ಮಗು ಪೂರ್ತಿ ಅತ್ತೆಯ ಪಾಲಾಯಿತು. ಬೆಳಿಗ್ಗೆ ಎದ್ದರೆ ಹಾಲು, ಅತ್ತರೆ ಹಾಲು, ಅಳದಿದ್ದರೂ ಹಾಲು. ಮಗು ಗುಂಡುಗುಂಡಗೆ ಊದಿತು, ದಿನದಿಂದ ದಿನಕ್ಕೆ ಬಿಳಿಚಿತು. ಅತ್ತೆಗೆ ಸ್ವರ್ಗ ಮೂರೇ ಗೇಣು. "ಕಪ್ಪು ಬಿಟ್ಟು ನಮ್ಮ ಕಡೆ ಬಣ್ಣಕ್ಕೆ ತಿರುಗಿದಳು ನೋಡಿ" ಎಂದು ಮನೆಮನೆಗೆ ಎತ್ತಿಕೊಂಡು ಹೋಗಿ ತೋರಿಸಿ, ಬೆಣ್ಣೆ ಎಂದು ಹೆಸರಿಟ್ಟಳು. ಇಟ್ಟ ಹೆಸರೇ ನಿಂತಿತು. ಸ್ಟುಡಿಯೋದ ಗಾಜಿನ ಕಿಟಕಿಯಲ್ಲಿ ಬೆಣ್ಣೆಯ ದೊಡ್ಡ ಫೋಟೋ ಏರಿತು. ನಿಜ ಹೇಳಬೇಕೆಂದರೆ ಸೊಸೆಗೂ ಒಳಗೊಳಗೆ ಒಂದು ಸಮಾಧಾನವಿತ್ತು, ಮಗಳಾದರೂ ಆ ಫ್ಲ್ಯಾಶಿನ ಮಾತು ಕೇಳದೆ ಬೆಳೆಯುತ್ತಾಳೆ ಎಂದು. ಅದನ್ನು ಅವಳು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಈಗ ಗೊತ್ತಾಯಿತಲ್ಲ, ಬಂದದ್ದು ಬಣ್ಣವಲ್ಲ, ಹೋದದ್ದು ರಕ್ತ ಎಂದು.

ಆಸ್ಪತ್ರೆಯಿಂದ ಬರುತ್ತಾ ಸೊಸೆ ನೇರ ಮನೆಗೆ ಹೋಗಲಿಲ್ಲ. ಸ್ಟುಡಿಯೋದ ಎದುರಿಗಿನ ಮೆಡಿಕಲ್ ಸ್ಟೋರಿನ ಮುಂದೆ ನಿಂತಳು. ಸಂಜೆಯ ಹೊತ್ತು, ಅಂಗಡಿ ತುಂಬಾ ಜನ. ಅವಳಿಗೆ ಬೇಕಾಗಿದ್ದದ್ದೂ ಅದೇ. ಸಿರಪ್ಪಿನ ಚೀಟಿ ಕೊಟ್ಟು, ಅತ್ತೆಯ ಚೀಲಕ್ಕೆ ಕೈ ಹಾಕಿ ಹಾಲಿನ ಬಾಟಲಿ ತೆಗೆದು, ಎಲ್ಲರೂ ನೋಡುತ್ತಿರುವಾಗಲೇ ಕಸದ ಡಬ್ಬಿಗೆ ಎಸೆದಳು.

"ಏನಾಯ್ತಕ್ಕಾ?" ಎಂದ ಮೆಡಿಕಲ್ ಸ್ಟೋರಿನವನು. ಬೀದಿಯ ಸುದ್ದಿಯೆಲ್ಲ ಮಾತ್ರೆಯ ಜೊತೆಗೇ ಕಟ್ಟಿಕೊಡುವ ಮನುಷ್ಯ.

"ನಮ್ಮತ್ತೆ ಕೈಯಲ್ಲಿ ವಿಷ ಇದೆ ಕಣಪ್ಪ" ಎಂದಳು ಸೊಸೆ, ಪಕ್ಕದ ಟೈಲರನ ಹೆಂಡತಿಗೂ ಕೇಳುವಷ್ಟು ಗಟ್ಟಿಯಾಗಿ. "ಹಾಲು ಹುಯ್ದು ಹುಯ್ದು ಮಗು ರಕ್ತನೆಲ್ಲ ನೀರು ಮಾಡಿಟ್ಟಿದಾರೆ. ಡಾಕ್ಟ್ರು ಬೈದಿದ್ದು ಕೇಳ್ಬೇಕಿತ್ತು ನೀನು."

ಡಾಕ್ಟರಮ್ಮ ಯಾರನ್ನೂ ಬೈದಿರಲಿಲ್ಲ. ಆದರೆ ಅಷ್ಟು ಉಪ್ಪುಖಾರ ಇಲ್ಲದಿದ್ದರೆ ಸೇಡಿಗೆ ರುಚಿ ಎಲ್ಲಿಂದ ಬರಬೇಕು? ಅತ್ತೆ ಮಗುವನ್ನು ಸೊಂಟದ ಮೇಲೆ ಹೊತ್ತು ಹಿಂದೆಯೇ ನಿಂತಿದ್ದಳು. ಅವಳ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. ಮಗುವನ್ನು ಸೊಸೆಯ ಕೈಗೆ ಕೊಟ್ಟು ಮೆಟ್ಟಿಲು ಹತ್ತಿ ಹೋದಳು. ಮಗು ಅಜ್ಜಿಯ ಬೆನ್ನಿನ ಕಡೆ ಎರಡೂ ಕೈ ಚಾಚಿ ಅತ್ತಿತು.

ಅಂದಿನಿಂದ ಮನೆಯಲ್ಲಿ ಹೊಸ ಕಾನೂನು. "ಮಗು ಬಾಯಿಗೆ ಇನ್ಮೇಲೆ ನೀವೇನೂ ಹಾಕ್ಬಾರ್ದು ಅತ್ತೆ. ಒಂದು ತುತ್ತೂ ಬೇಡ" ಎಂದು ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು. ಗಂಡ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, "ಕೆಳಗೆ ಯಾರೋ ಗಿರಾಕಿ ಬಂದ ಹಾಗಿದೆ" ಎಂದು ಇಳಿದು ಹೋದ. ಮನೆಯಲ್ಲಿ ಮಾತು ಬೆಳೆದಾಗಲೆಲ್ಲ ಅವನಿಗೆ ಗಿರಾಕಿ ಬರುತ್ತಿದ್ದರು. ಹಾಗೆ ಬಂದವರೆಲ್ಲ ಫೋಟೋ ತೆಗೆಸಿಕೊಂಡಿದ್ದರೆ ಇಷ್ಟು ಹೊತ್ತಿಗೆ ಇನ್ನೊಂದು ಅಂಗಡಿ ತೆಗೆಯಬಹುದಿತ್ತು.

ಅತ್ತೆ ತನ್ನ ಕೋಣೆ ಸೇರಿದಳು. ಮಗುವಿನ ಹಾಸಿಗೆ ಅಲ್ಲಿಂದ ಇಲ್ಲಿಗೆ ಬಂತು. ಸೊಸೆ ಅಂಗಡಿಯ ಕೆಲಸ ಅರ್ಧಕ್ಕೆ ಇಳಿಸಿಕೊಂಡು ಮೇಲೇ ಉಳಿದಳು. ಬೇಳೆ ಬೇಯಿಸಿ ಸೊಪ್ಪು ಹಾಕಿ ಮಸೆದಳು, ಮೊಟ್ಟೆಯ ಹಳದಿ ಕಲಸಿದಳು, ಮಾಂಸವನ್ನು ಅರೆದು ಅನ್ನಕ್ಕೆ ಬೆರೆಸಿದಳು. ಎಲ್ಲವನ್ನೂ ಅತ್ತೆಯ ಬಾಗಿಲು ತೆರೆದಿರುವಾಗಲೇ ಮಾಡಿದಳು, ವಾಸನೆ ಒಳಗೆ ಹೋಗಲಿ ಎಂದು. ಬಂದವರಿಗೆಲ್ಲ ಮಗುವಿನ ರೆಪ್ಪೆ ಜಗ್ಗಿ ತೋರಿಸಿದಳು. "ನೋಡಿ, ಬೆಣ್ಣೆ ಬೆಣ್ಣೆ ಅಂತಿದ್ರಲ್ಲ, ಇದು ಬೆಣ್ಣೆ" ಎನ್ನುವಳು. ಬಂದವರು ಅಯ್ಯೋ ಪಾಪ ಎನ್ನುವರು. ಒಳಗಿನಿಂದ ಮಂಚ ಕಿರ್ರೆನ್ನುವುದು. ಆ ಕಿರ್ರೆನ್ನುವ ಸದ್ದು ಕೇಳಿದರೆ ಸೊಸೆಗೆ ಅರ್ಧ ಊಟ ಆದ ಹಾಗೆ.

ಆದರೆ ಮಗುವಿಗೆ ಊಟ ಆಗುತ್ತಿರಲಿಲ್ಲ.

ಬೆಣ್ಣೆ ಎರಡೂವರೆ ವರ್ಷದ ಹುಡುಗಿ. ಹಟದಲ್ಲಿ ಮಾತ್ರ ಯಾರ ಕಡೆಯದು ಎಂದು ಹೇಳುವುದು ಕಷ್ಟ, ಎರಡೂ ಕಡೆ ಬೇಕಾದಷ್ಟಿತ್ತು. ಚಮಚ ಹತ್ತಿರ ಬಂದರೆ ತುಟಿ ಬಿಗಿದುಕೊಳ್ಳುವಳು. ಸಿರಪ್ಪಿನ ಬಾಟಲಿ ಕಂಡರೆ ಮೇಜಿನ ಕೆಳಗೆ ನುಗ್ಗುವಳು. ಸೊಸೆ ಮೊದಲು ಮುದ್ದು ಮಾಡಿದಳು, ಆಮೇಲೆ ಗದರಿದಳು, ಆಮೇಲೆ ಮಂಡಿಯ ನಡುವೆ ಹಿಡಿದು ಮೂಗು ಒತ್ತಿ ಹುಯ್ದಳು. ಹುಯ್ದದ್ದರಲ್ಲಿ ಅರ್ಧ ಅಂಗಿಯ ಮೇಲೆ, ಕಾಲು ಭಾಗ ಸೊಸೆಯ ಮುಖದ ಮೇಲೆ. ಹೊಟ್ಟೆಗೆ ಎಷ್ಟು ಹೋಯಿತೋ ದೇವರಿಗೇ ಗೊತ್ತು. ಆ ತುಕ್ಕಿನ ವಾಸನೆಯ ಕಂದು ಕಲೆ ಒಗೆದರೂ ಹೋಗುತ್ತಿರಲಿಲ್ಲ. ಮಗು ಬಿಕ್ಕುತ್ತಾ ಅತ್ತೆಯ ಬಾಗಿಲ ಹತ್ತಿರ ಹೋಗಿ ಕೂರುವುದು. ಸೊಸೆ ಎತ್ತಿಕೊಂಡು ಬರುವಳು. ಅದು ಮತ್ತೆ ಹೋಗುವುದು.

"ಅಮ್ಮನ ಕೈಯಲ್ಲಿ ಒಂದ್ಸಲ ಕೊಡ್ಸಿ ನೋಡ್ಬಾರ್ದಾ?" ಎಂದ ಗಂಡ, ಅದೂ ಮೆಟ್ಟಿಲ ಮೇಲೆ ನಿಂತು, ಓಡಲು ಅನುಕೂಲವಾಗುವಂತೆ.

"ನಿಮ್ಮಮ್ಮನ ಕೈಯಿಂದಾನೇ ಇಷ್ಟೆಲ್ಲ ಆಗಿದ್ದು. ಮತ್ತೆ ಆ ಕೈಗೇ ಕೊಡ್ಲಾ? ನಾನು ಸತ್ರೂ ಇಲ್ಲ."

ತಿಂಗಳು ಕಳೆದು ಡಾಕ್ಟರಮ್ಮನ ಹತ್ತಿರ ಹೋದಾಗ ಸೊಸೆ ಒಬ್ಬಳೇ ಹೋದಳು, ಗೆದ್ದ ಸುದ್ದಿ ತರುವವಳ ಹಾಗೆ ಒಳ್ಳೆಯ ಬಟ್ಟೆ ತೊಟ್ಟು. ಬೆರಳಿಗೆ ಚುಚ್ಚಿದರು. ಏಳಿದ್ದದ್ದು ಏಳೂಕಾಲೂ ಆಗಿರಲಿಲ್ಲ. ಡಾಕ್ಟರಮ್ಮ ಸ್ಟೆತಾಸ್ಕೋಪಿನ ತುದಿಯನ್ನು ಮಗುವಿನ ಎದೆಯ ಮೇಲಿಟ್ಟು, ಕಿವಿಗಿಡುವುದನ್ನು ಸೊಸೆಯ ಕಿವಿಗೇ ಕೊಟ್ಟರು. ಸುಮ್ಮನೆ ಕೂತಿದ್ದ ಮಗುವಿನ ಎದೆ ಓಡಿ ಬಂದವರ ಎದೆಯ ಹಾಗೆ ಬಡಿದುಕೊಳ್ಳುತ್ತಿತ್ತು.

"ರಕ್ತ ಕಡಿಮೆ ಇದ್ರೆ ಎದೆಗೆ ಜಾಸ್ತಿ ಕೆಲಸ" ಎಂದರು ಡಾಕ್ಟರಮ್ಮ. "ಸಿರಪ್ ಯಾರು ಕೊಡ್ತಾರೆ?"

"ನಾನೇ."

"ಹೋಗ್ತಿದೆಯಾ ಹೊಟ್ಟೆಗೆ? ನಿಜ ಹೇಳಿ."

ಸೊಸೆ ಮಗುವಿನ ಅಂಗಿಯ ಮೇಲಿನ ಕಂದು ಕಲೆಯನ್ನು ಕೈಯಿಂದ ಮುಚ್ಚಿದಳು.

"ಯಾರ ಕೈಯಲ್ಲಿ ತಿಂತಾಳೆ ಇವಳು?"

ಸೊಸೆ ಮಗುವನ್ನು ಎತ್ತಿಕೊಂಡು ಎದ್ದಳು. ಮಗು ಭುಜದ ಮೇಲೆ ತಲೆಯಿಟ್ಟು ಆಗಲೇ ನಿದ್ದೆ ಹೋಗಿತ್ತು. ಮನೆಗೆ ಬರುವಾಗ ಬೀದಿಯುದ್ದಕ್ಕೂ ಆ ತಲೆಯ ಭಾರ ಅವಳ ಭುಜದ ಮೇಲಿತ್ತು. ತಡವಾಗಿ ಬಂದ ಭಯ ಈಗ ಮನೆಯ ಯಜಮಾನನ ಹಾಗೆ ಒಳಗೆ ಕಾಲು ಚಾಚಿ ಕೂತುಬಿಟ್ಟಿತ್ತು. ಇನ್ನೊಂದು ತಿಂಗಳು, ಆಮೇಲೆ ಆಸ್ಪತ್ರೆಯ ಮಂಚ, ಸೂಜಿ, ಬೇರೆ ಯಾರದೋ ರಕ್ತ. ಡಾಕ್ಟರಮ್ಮ ಹಾಗೆಂದೇ ಹೇಳಿ ಕಳಿಸಿದ್ದರು.

ಅಷ್ಟಾದರೂ ಅವಳು ಅತ್ತೆಯ ಬಾಗಿಲಿಗೆ ಹೋಗಲಿಲ್ಲ. ಸಿಟ್ಟೆಂಬುದು ಅಷ್ಟು ಸುಲಭಕ್ಕೆ ಇಳಿಯುವ ಜಾತಿಯಲ್ಲ. ಗಂಡ ಮತ್ತೆ ಅಮ್ಮನ ಮಾತೆತ್ತಿದಾಗ, "ಬನ್ನಿ ಇಲ್ಲಿ, ನಿಮ್ಮಮ್ಮ ಮಾಡಿದ ಘನಕಾರ್ಯ ತೋರಿಸ್ತೀನಿ" ಎಂದು ಅವನನ್ನು ಹಿಂದಿನ ಕೋಣೆಗೆ ಎಳೆದುಕೊಂಡು ಹೋದಳು. ಮಗುವಿನ ಫೋಟೋಗಳನ್ನೆಲ್ಲ, ತಿದ್ದುವ ಮೊದಲಿನವನ್ನು, ಹುಟ್ಟಿದಾಗಿನಿಂದ ಸಾಲಾಗಿ ಪರದೆಯ ಮೇಲೆ ಜೋಡಿಸಿದಳು. ಯಾವ ತಿಂಗಳು ಬಾಟಲಿ ಬಂತು, ಯಾವ ತಿಂಗಳು ಬಿಳಿಚಲು ಶುರುವಾಯಿತು, ಕಣ್ಣಾರೆ ನೋಡಲಿ. ಆಮೇಲೆ ಇವನ್ನೇ ದೊಡ್ಡದಾಗಿ ಹಾಕಿ, ಗಾಜಿನ ಕಿಟಕಿಯಲ್ಲಿ ಅಂಟಿಸಿ, ಬೀದಿಗೇ ತೋರಿಸಬೇಕು ಎಂದು ಅವಳ ಯೋಚನೆ.

ಗಂಡ ಕನ್ನಡಕ ಏರಿಸಿ ಒಂದೊಂದೇ ನೋಡಿದ. ಅಮ್ಮನ ಮಗ ಇರಬಹುದು, ಆದರೆ ಫೋಟೋದ ವಿಷಯದಲ್ಲಿ ಅವನ ಕಣ್ಣು ಯಾರ ಪರವೂ ಅಲ್ಲ.

"ಇದರಲ್ಲಿ ತುಟಿ ಬಿಳಿ ಇದೆ" ಎಂದ ಬೆರಳಿಟ್ಟು. "ಹೊರಗೆ ಕಿಟಕೀಲಿರೋದ್ರಲ್ಲಿ ಕೆಂಪಗಿದೆಯಲ್ಲ?"

ಸೊಸೆ ನೋಡಿದಳು. ಬಿಳಿ ಎಂದರೆ ಪೂರ್ತಿ ಬಿಳಿ, ಮುಖದ ಬಣ್ಣಕ್ಕೂ ತುಟಿಯ ಬಣ್ಣಕ್ಕೂ ವ್ಯತ್ಯಾಸವೇ ಇರಲಿಲ್ಲ. ಅದರ ಹಿಂದಿನದ್ದರಲ್ಲೂ ಹಾಗೇ. ಅದರ ಹಿಂದಿನದ್ದರಲ್ಲೂ. ಪ್ರತಿಯೊಂದಕ್ಕೂ ಕೆಂಪು ಬಳಿದವರು ಯಾರೆಂದು ಕೇಳುವ ಅಗತ್ಯವಿರಲಿಲ್ಲ, ಆ ಅಂಗಡಿಯಲ್ಲಿ ತಿದ್ದುವ ಕೈ ಒಂದೇ. ಫೋಟೋ ಬಂದಾಗಲೆಲ್ಲ, ತುಟಿಗೆ ಜೀವ ಬಂದಿಲ್ಲ ಎಂದು, ಮದುವೆ ಹೆಣ್ಣುಗಳಿಗೆ ಮಾಡುವ ಹಾಗೆ ತನ್ನ ಮಗಳ ತುಟಿಗೂ ಒಂದು ಎಳೆ ಕೆಂಪು ಎಳೆದು ಮುಗಿಸಿದ್ದಳು. ಒಂದು ದಿನವೂ ಕುರ್ಚಿ ಬಿಟ್ಟು ಎದ್ದು ಮೆಟ್ಟಿಲು ಹತ್ತಿ, ನಿಜವಾದ ತುಟಿ ಹೇಗಿದೆ ಎಂದು ನೋಡಿರಲಿಲ್ಲ.

"ಲೈಟು ಸರಿ ಬಿದ್ದಿಲ್ಲ ಅಂದ್ಕೊಂಡೆ" ಎಂದಳು.

"ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದ ಗಂಡ. ಆ ಹೊತ್ತಿಗೆ ನಿಜವಾಗಿಯೂ ಒಬ್ಬ ಗಿರಾಕಿ ಬಂದ. ಗಂಡ ಎದ್ದು ಹೋದ.

ಸೇಡಿಗೆಂದು ಎತ್ತಿದ ಕತ್ತಿ ತನ್ನ ಕಾಲಿನ ಮೇಲೇ ಬಿದ್ದರೆ ಕುಂಟುತ್ತಾ ನಡೆಯುವುದೊಂದೇ ದಾರಿ. ಮರುದಿನ ಬೆಳಿಗ್ಗೆ ಸೊಸೆ ಅತ್ತೆಯ ಕೋಣೆಯ ಹೊಸ್ತಿಲಲ್ಲಿ ನಿಂತಳು. ಅತ್ತೆ ಮಂಚದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು, ಮಾಡಲು ಬೇರೆ ಕೆಲಸವಿಲ್ಲದವರ ಹಾಗೆ.

"ಅತ್ತೆ, ಮಗು ಔಷಧ ನನ್ನ ಕೈಯಲ್ಲಿ ತಗೊಳ್ತಿಲ್ಲ. ಊಟಾನೂ ಮಾಡ್ತಿಲ್ಲ. ನೀವು ಕೊಡಿ."

"ನಾನಾ? ನನ್ನ ಕೈ ವಿಷ ಅಲ್ವಾ?"

"ಅದು ಏನೋ ಸಿಟ್ಟಲ್ಲಿ ಅಂದಿದ್ದು."

"ಅಂದಿದ್ದು ಸಿಟ್ಟಲ್ಲೋ ಸಂತೋಷದಲ್ಲೋ, ಅಂದಿದ್ದು ಎಲ್ಲಿ ಅನ್ನೋದು ನನಗೆ ನೆನಪಿದೆ" ಎಂದಳು ಅತ್ತೆ, ಟವೆಲಿನ ಅಂಚು ಸರಿಮಾಡುತ್ತಾ. "ಮೆಡಿಕಲ್ ಸ್ಟೋರ್ ಮುಂದೆ ಅಂದೆ. ಟೈಲರ್ ಹೆಂಡ್ತಿ ಕೇಳಿಸ್ಕೊಂಡ್ಳು. ಆ ಬೀದೀಲಿ ನನಗೆ ಈಗ ಒಂದು ಲೋಟ ನೀರು ಕೊಡೋರೂ ಮುಖ ನೋಡಿ ಕೊಡ್ತಾರೆ. ಅಂದ ಜಾಗದಲ್ಲೇ ಹೋಗಿ ವಾಪಸ್ ತಗೊಂಡು ಬಾ. ಆಮೇಲೆ ನೋಡೋಣ."

"ಮಗುಗಿಂತ ನಿಮಗೆ ನಿಮ್ಮ ಮರ್ಯಾದೆ ಹೆಚ್ಚಾಯ್ತಾ?"

"ನಿನಗೆ ನಿನ್ನ ಹಟ ಒಂದು ತಿಂಗಳು ಹೆಚ್ಚಾಗಿತ್ತಲ್ಲ. ನನಗೆ ಒಂದು ಹೊತ್ತು ಆಗ್ಲಿ ಬಿಡು."

ಸೊಸೆಗೆ ಬಂದ ಕೋಪಕ್ಕೆ ಆ ಮಡಚಿದ ಬಟ್ಟೆಯನ್ನೆಲ್ಲ ಕಿಟಕಿಯಿಂದ ಎಸೆಯಬೇಕೆನಿಸಿತು. ಅದೇ ಬಾಗಿಲ ಹತ್ತಿರ ಮಗು ಗೋಡೆಗೆ ಕೆನ್ನೆ ಒತ್ತಿ ನಾಲಿಗೆ ಚಾಚಿತ್ತು. ಸೊಸೆ ಚಪ್ಪಲಿ ಮೆಟ್ಟಿದಳು.

ಮೆಡಿಕಲ್ ಸ್ಟೋರಿನ ಮುಂದೆ ಅವತ್ತೂ ಜನರಿದ್ದರು. ಅತ್ತೆ ಸ್ಟುಡಿಯೋದ ಬಾಗಿಲಿಗೆ ಒರಗಿ, ರಸ್ತೆಯ ಈ ಕಡೆಯಿಂದ ಕೇಳಿಸಿಕೊಳ್ಳಲು ನಿಂತಿದ್ದಳು. ಟೈಲರನ ಹೆಂಡತಿಯನ್ನೂ ಹೊರಗೆ ಕರೆದಿದ್ದಳೆಂದು ಬೇರೆ ಹೇಳಬೇಕಾಗಿಲ್ಲ.

"ನಮ್ಮತ್ತೆ ಕೈಯಲ್ಲಿ ವಿಷ ಇಲ್ಲ" ಎಂದಳು ಸೊಸೆ ಒಂದೇ ಉಸಿರಿಗೆ. "ಅವರಿಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ. ಒಂದು ಸಿರಪ್ ಕೊಡಪ್ಪ."

"ಏನಂದ್ರಿ ಅಕ್ಕಾ? ಆ ಗಾಡಿ ಸದ್ದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ" ಎಂದ ಅವನು. ಅಲ್ಲಿ ಗಾಡಿಯೂ ಇರಲಿಲ್ಲ, ಸದ್ದೂ ಇರಲಿಲ್ಲ.

ಸೊಸೆ ಮತ್ತೊಮ್ಮೆ ಹೇಳಿದಳು, ಈ ಸಲ ಎಲ್ಲರಿಗೂ ಕೇಳುವಂತೆ. ಹೇಳುವಾಗ ಅವನ ಕಣ್ಣನ್ನೇ ದಿಟ್ಟಿಸಿದಳು. ಅವನು ತಟ್ಟನೆ ತಿರುಗಿ ಸಿರಪ್ ಹುಡುಕತೊಡಗಿದ. ಅವನ ಹೆಸರನ್ನೂ ಅವಳು ಮನಸ್ಸಿನಲ್ಲಿ ಒಂದು ಕಡೆ ಬರೆದಿಟ್ಟುಕೊಂಡಳು, ಅನುಕೂಲವಾದಾಗ ನೋಡಿಕೊಳ್ಳಲು.

ಅವಳು ಮೇಲೆ ಬರುವಷ್ಟರಲ್ಲಿ ಅತ್ತೆ ಕೈ ತೊಳೆದು, ಸೆರಗು ಸಿಕ್ಕಿಸಿ, ಕಿತ್ತಳೆ ಹಿಂಡುತ್ತಿದ್ದಳು. ಮಗು ಅವಳ ಕಾಲಿಗೆ ಅಂಟಿಕೊಂಡಿತ್ತು.

"ಬಾ ಬಂಗಾರಿ, ಮೊದಲು ಗೊಂಬೆಗೆ. ಗೊಂಬೆ ಕುಡೀತಾ? ಕುಡೀತು. ಛೀ, ಎಷ್ಟು ಕಹಿ ಅಂತ ಮುಖ ಕಿವಿಚ್ತಿದೆ ನೋಡು. ಈಗ ಅಜ್ಜಿಗೆ. ಅಜ್ಜೀನೂ ಕುಡಿದ್ಳು. ಈಗ ಯಾರು ಉಳಿದಿದ್ದು?"

ಮಗು ತನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿ ಬಾಯಿ ತೆರೆಯಿತು. ಸಿರಪ್ ಕೆನ್ನೆಯೊಳಗೆ ಇಳಿಯಿತು, ಹಿಂದೆಯೇ ಕಿತ್ತಳೆ ರಸ. ಒಂದು ತೊಟ್ಟೂ ಹೊರಗೆ ಬರಲಿಲ್ಲ. ಸೊಸೆ ಬಾಗಿಲಲ್ಲಿ ನಿಂತು ನೋಡಿದಳು. ನೆಮ್ಮದಿ ಆಯಿತು, ಹೊಟ್ಟೆಯೂ ಉರಿಯಿತು. ಎರಡರಲ್ಲಿ ಯಾವುದು ಹೆಚ್ಚು ಎಂದು ಅವಳನ್ನು ಕೇಳದಿದ್ದರೆ ಒಳ್ಳೆಯದು.

ಆಮೇಲೆ ಶುರುವಾಯಿತು ಹೊಸ ಯುದ್ಧ. ಅತ್ತೆ ಎಲ್ಲಿ ತಪ್ಪುತ್ತಾಳೆ ಎಂದು ಸೊಸೆ ಹದ್ದಿನ ಕಣ್ಣಿಟ್ಟು ಕಾದಳು. ಒಂದು ದಿನ ಕದ್ದು ಬಾಟಲಿಗೆ ಹಾಲು ತುಂಬಲಿ, ಒಂದು ದಿನ ಸಿರಪ್ಪಿನ ಮೇಲೆ ಹಾಲು ಕುಡಿಸಲಿ, ಹಿಡಿದುಬಿಡುತ್ತೇನೆ ಎಂದು. ಅತ್ತೆ ತಪ್ಪಲಿಲ್ಲ. ಭಕ್ತಿಯಿಂದಲ್ಲ, ಹಟದಿಂದ. ಡಾಕ್ಟರಮ್ಮ ಹೇಳಿದ್ದನ್ನು ಅಕ್ಷರ ಬಿಡದೆ ಪಾಲಿಸಿದಳು. ಅಳೆದ ಒಂದೇ ಲೋಟ ಹಾಲು, ಅದೂ ಊಟ ಮುಗಿದು ಬಹಳ ಹೊತ್ತಾದ ಮೇಲೆ. ಔಷಧದ ಬಾಟಲಿ ಕಪಾಟಿನ ಎತ್ತರದ ಗೂಡಿನಲ್ಲಿ. ಹಲ್ಲು ದಿನಕ್ಕೆರಡು ಸಲ ಉಜ್ಜಿಸಿದಳು. ಕಪ್ಪು ಮಲ ಕಂಡು ಕೆಲಸದವಳು ಗಾಬರಿಯಾದರೆ, "ಅದು ಹಾಗೇ ಇರ್ಬೇಕು, ನಿನಗೇನು ಗೊತ್ತು" ಎಂದು ಅವಳನ್ನೇ ಗದರಿದಳು. ಮೇಲಾಗಿ ಸೊಸೆಯ ತಪ್ಪನ್ನೇ ಹಿಡಿದಳು. ಒಂದು ಬೆಳಿಗ್ಗೆ ಸೊಸೆ ಚಹಾ ಕುಡಿಯುತ್ತಾ, ಆಸೆಪಟ್ಟ ಮಗುವಿಗೆ ತಟ್ಟೆಯಲ್ಲಿ ಒಂದು ಗುಟುಕು ಬಿಟ್ಟಿದ್ದಳು.

"ಏನೇ ಅದು? ಈಗ ತಾನೇ ಸಿರಪ್ ಕುಡಿಸಿದೀನಿ, ಅದರ ಮೇಲೆ ಚಹಾ ಕೊಡ್ತಿದೀಯಾ? ಡಾಕ್ಟ್ರು ಏನಂದ್ರು, ಮರೆತ್ಯಾ? ಯಾರ ಕೈಯಲ್ಲಮ್ಮ ವಿಷ ಇರೋದು?"

ಸೊಸೆ ತಟ್ಟೆ ಎತ್ತಿಟ್ಟಳು.

ಹೀಗೆ ಇಬ್ಬರು ಹೆಂಗಸರ ಹಟವನ್ನು ತಿಂದು ಮಗು ಮೈತುಂಬಿಕೊಂಡಿತು. ಅತ್ತೆಗೆ ತಿನ್ನಿಸಿ ಗೆಲ್ಲಬೇಕಿತ್ತು, ಸೊಸೆಗೆ ಅಡುಗೆಯಲ್ಲಾದರೂ ಸೋಲಬಾರದಿತ್ತು. ಇವಳು ಮಾಂಸ ಅರೆದರೆ ಅವಳು ಅದನ್ನು ಉಂಡೆ ಮಾಡಿ ಕಥೆ ಹೇಳಿ ನುಂಗಿಸುವಳು. ಮಗು ಗೋಡೆ ನೆಕ್ಕುವುದು ಬಿಟ್ಟಿತು. ಮೆಟ್ಟಿಲು ಹತ್ತುವಾಗ ನಡುವೆ ಕೂತು ಏದುಸಿರು ಬಿಡುವುದು ನಿಂತಿತು. ಮುಂದಿನ ಪರೀಕ್ಷೆಯಲ್ಲಿ ಒಂಬತ್ತು ದಾಟಿತು, ಅದರ ಮುಂದಿನದರಲ್ಲಿ ಹನ್ನೊಂದು ಮುಟ್ಟಿತು. "ರಕ್ತ ಬಂತು ಅಂತ ಸಿರಪ್ ನಿಲ್ಲಿಸ್ಬೇಡಿ, ಇನ್ನೂ ಕೆಲವು ತಿಂಗಳು ಬೇಕು, ಮೈಯಲ್ಲಿ ಸ್ವಲ್ಪ ಸಂಗ್ರಹ ಆಗ್ಲಿ" ಎಂದರು ಡಾಕ್ಟರಮ್ಮ. ಆಮೇಲೆ ಅತ್ತೆಯ ಕಡೆ ತಿರುಗಿ, "ಅಜ್ಜಿ ಕೈಗುಣ ಚೆನ್ನಾಗಿದೆ" ಎಂದರು. ಸೊಸೆ ಗೋಡೆಯ ಮೇಲಿನ ಗಡಿಯಾರ ನೋಡಿದಳು.

ಸೊಸೆ ಇಷ್ಟನ್ನೆಲ್ಲ ಸಹಿಸಿದ್ದಕ್ಕೆ ಒಂದು ಕಾರಣವಿತ್ತು. ರಕ್ತ ಏರಿದಂತೆಲ್ಲ ಮಗುವಿನ ಬಿಳುಪು ಇಳಿಯುತ್ತಿತ್ತು. ಮೊದಲು ಕಿವಿಯ ಹಾಲೆಗಳು, ಆಮೇಲೆ ಅಂಗೈ, ಆಮೇಲೆ ಕೆನ್ನೆ. ಹುಟ್ಟಿದಾಗಿನ ಬಣ್ಣ ಒಳಗಿನಿಂದ ತಾನೇತಾನಾಗಿ ಎದ್ದು ಬರುತ್ತಿತ್ತು, ತಾಯಿಯದೇ ಬಣ್ಣ, ಅದರ ಮೇಲೊಂದು ಕೆಂಪಿನ ಹೊಳಪು. ಅತ್ತೆ ತಾನೇ ತನ್ನ ಕೈಯಾರೆ, ಚಮಚ ಚಮಚವಾಗಿ, ಮೊಮ್ಮಗಳನ್ನು ಸೊಸೆಯ ಬಣ್ಣಕ್ಕೆ ತರುತ್ತಿದ್ದಳು. ಇದಕ್ಕಿಂತ ಸೊಗಸಾದ ಸೇಡನ್ನು ಸೊಸೆ ಕೂತು ಯೋಚಿಸಿದ್ದರೂ ಹೊಳೆಯುತ್ತಿರಲಿಲ್ಲ. ಅವಳು ಕಾದಳು. ಯಾರಾದರೂ ಹೊರಗಿನವರು ಬಂದು ಅದನ್ನು ಅತ್ತೆಯ ಮುಖದ ಮೇಲೆ ಹೇಳಲಿ, ಆಗ ಆ ಮುಖ ಹೇಗಾಗುತ್ತದೆ ನೋಡೋಣ ಎಂದು.

ಹೇಳಲು ಟೈಲರನ ಹೆಂಡತಿಯೇ ಬಂದಳು. ಮಧ್ಯಾಹ್ನ, ಮಗುವಿನ ಊಟದ ಹೊತ್ತು. ಅತ್ತೆ ಕಿಟಕಿಯ ಬೆಳಕಿನಲ್ಲಿ ಬಟ್ಟಲು ಹಿಡಿದು ಕೂತಿದ್ದಳು, ಸೊಸೆ ಪಾತ್ರೆ ಒರೆಸುತ್ತಿದ್ದಳು. ಟೈಲರನ ಹೆಂಡತಿ ಬಾಗಿಲಲ್ಲೇ ನಿಂತು ಮೂಗಿನ ಮೇಲೆ ಬೆರಳಿಟ್ಟಳು.

"ಇದೇನು, ಬೆಣ್ಣೆ ಬಣ್ಣ ಎಲ್ಲ ಇಳಿದುಹೋಯ್ತಲ್ಲ. ಥೇಟ್ ತಾಯಿ ಹಾಗೇ ಆಗ್ಬಿಟ್ಟಿದಾಳೆ."

ಸೊಸೆಯ ಕೈಯಲ್ಲಿದ್ದ ಬಟ್ಟೆ ನಿಂತಿತು. ಬಂತು, ಕಾದಿದ್ದ ಗಳಿಗೆ ಬಂತು. ಅವಳು ತಿರುಗಿ ಅತ್ತೆಯ ಮುಖವನ್ನೇ ನೋಡಿದಳು.

ಅತ್ತೆ ಮಗುವಿನ ಗಲ್ಲ ಎತ್ತಿ ಬೆಳಕಿಗೆ ಹಿಡಿದಳು. ಒಂದು ಕ್ಷಣ ಏನೋ ಹೇಳಲು ಹೋಗಿ ನುಂಗಿಕೊಂಡ ಹಾಗೆ ಕಂಡಿತು. ಆಮೇಲೆ ತುಟಿ ಕೊಂಕಿಸಿದಳು.

"ಬಣ್ಣ ತಗೊಂಡು ಏನ್ ಮಾಡ್ತೀಯೇ, ಗೋಡೆಗೆ ಬಳೀತೀಯಾ? ರಕ್ತ ನೋಡು, ರಕ್ತ. ಕೆಂಪಗೆ ಹೇಗೆ ಉಕ್ಕಿ ಬಂದಿದೆ. ಏಳಿದ್ದನ್ನ ಹನ್ನೊಂದು ಮಾಡಿದೀನಿ. ಈ ಬಣ್ಣ ನಾನು ತರಿಸಿದ್ದು ಕಣೇ, ನನ್ನ ಕೈಯಾರೆ."

ಸೊಸೆಗೆ ಮೈಯೆಲ್ಲ ಉರಿದು ಹೋಯಿತು. ಫ್ಲ್ಯಾಶಿಗೂ ಕಾಣದ ಬಣ್ಣ ಈಗ ಅತ್ತೆಯ ಕೈಯ ಸಾಧನೆಯಾಗಿ ಹೋಯಿತಲ್ಲ. ತನ್ನ ಮೈಯ ಬಣ್ಣವನ್ನೂ ಬಿಡದೆ ಕಿತ್ತುಕೊಂಡಳಲ್ಲ ಈ ಮುದುಕಿ. ಪಾತ್ರೆಯನ್ನು ಠಣ್ ಎಂದು ಇಟ್ಟು, ನಾಲ್ಕು ಹೆಜ್ಜೆಗೆ ಬಂದು ಬಟ್ಟಲಿಗೆ ಕೈ ಹಾಕಿದಳು.

"ಕೊಡಿ ಇಲ್ಲಿ. ಇವತ್ತು ನಾನು ತಿನ್ನಿಸ್ತೀನಿ."

ಅತ್ತೆ ಬಟ್ಟಲು ಬಿಟ್ಟುಕೊಟ್ಟಳು. ಬಿಡಲಾರೆ ಎಂದು ಹಿಡಿದಿದ್ದರೆ ಎಷ್ಟೋ ಚೆನ್ನಾಗಿತ್ತು. ಸೊಸೆ ಮಗುವಿನ ಮುಂದೆ ಮಂಡಿಯೂರಿ ಕೂತು ಚಮಚ ತುಂಬಿ ಹಿಡಿದಳು. ಮಗು ತುಟಿ ಬಿಗಿಯಿತು. ಚಮಚ ನೋಡಿತು, ಅಮ್ಮನನ್ನು ನೋಡಿತು, ಆಮೇಲೆ ನಿಧಾನವಾಗಿ ಕತ್ತು ಹೊರಳಿಸಿ ಅಜ್ಜಿಯನ್ನು ನೋಡಿತು. ಟೈಲರನ ಹೆಂಡತಿ ಉಸಿರು ಬಿಗಿಹಿಡಿದು ನಿಂತಿದ್ದಳು, ನಾಳೆ ಬೀದಿಗೆ ಹಂಚುವ ಸುದ್ದಿಯಲ್ಲವೇ.

ಅತ್ತೆ ತಲೆಯಾಡಿಸಿದಳು. "ತಿನ್ನು ಬಂಗಾರಿ. ಅಮ್ಮ ಕೊಡ್ತಿದಾಳೆ, ತಿನ್ನು."

ಮಗು ಬಾಯಿ ತೆರೆಯಿತು. ಅಗಿದು ನುಂಗಿ ಮತ್ತೆ ಅಜ್ಜಿಯ ಕಡೆ ನೋಡಿತು. ಅತ್ತೆ ಮತ್ತೆ ತಲೆಯಾಡಿಸಿದಳು. ಪ್ರತಿ ತುತ್ತಿಗೂ ಹಾಗೇ, ಮೊದಲು ಅಲ್ಲಿ ಅಪ್ಪಣೆ, ಆಮೇಲೆ ಇಲ್ಲಿ ಬಾಯಿ. ಆ ತಲೆಯಾಡಿಸುವಿಕೆಯನ್ನು ಸೊಸೆ ಈ ಜನ್ಮದಲ್ಲಿ ಮರೆಯುವವಳಲ್ಲ, ಕ್ಷಮಿಸುವವಳೂ ಅಲ್ಲ. ಆದರೆ ಮಗಳ ಹಲ್ಲು ಚಮಚಕ್ಕೆ ತಾಗುವುದು ಕೈಗೆ ತಿಳಿಯುತ್ತಿತ್ತು, ತುಟಿಗಳು ಯಾರೂ ಬಳಿಯದೆಯೇ ಕೆಂಪಗಿದ್ದವು. ಅವಳು ಕಣ್ಣು ಒರೆಸಿಕೊಳ್ಳಲು ಕೂಡ ಕೈ ಬಿಡುವು ಮಾಡದೆ, ಅತ್ತೆಯ ಕಡೆ ತಿರುಗದೆ ಹೇಳಿದಳು.

"ಇನ್ನೂ ಸ್ವಲ್ಪ ಇದೆ ಅತ್ತೆ. ಮುಗಿಯೋವರೆಗೂ ಇಲ್ಲೇ ಕೂತಿರಿ."